ಅಮಾಸಿ ತಪಾಸಣಿ

ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ
ಮಗ್ಗಕ್ಕ ಸೂಟಿ. ಗುಳೇದಗುಡ್ಡದ ನಮ್ಮ ಓಣ್ಯಾಗ
ಅವತ್ತು ಕಿವಿಗೆ ಏನೋ ಕಳಕೊಂಡಂಗ ಆಗತೈತಿ.
ನಾ ಅವತ್ತು ಓಮ್ನಿ ಸೀಟ ಎತ್ತತೀನಿ.

ಎಂಜಿನ್ ಸೀಟಿನ ಕೆಳಗ ಇರೂ ಗಾಡಿ ಇದು.
ತತ್ತಿ ಮ್ಯಾಲ ಕುಂತ ಕೋಳಿ ಹಂಗ
ಅದರ ಕಾವಿನ ಮ್ಯಾಲ ಕುಂತು
ಬಾಗಲಕೋಟಿ, ಇಳಕಲ್ಲು, ಅತ್ತಾಗ ಹುಬ್ಬಳ್ಳಿ ತನಕ
ಖಣದ ಗಂಟು ಹೇರಿಕೊಂಡು ತಿರಗತೀನಿ.
ಒಮ್ಮೆ ಕೆರೂರ ದಾಟಿ ಉಗಿ ಬಿಟ್ಟು ನಿಂತಾಗ
ಎಳಕೊಂಡು ಬಂದ ರಾಜೇಸಾಬ ಮಿಸ್ತ್ರಿ ಬೈದಿದ್ದ:
"ನೀಲಕ್ಕ, ಹಾಸಿನ್ಯಾಗ ಒಂದು ಎಳಿ ಹರದ್ರ ಗೊತ್ತಾಗತೈತಿ ನಿಮಗ,
ನೀರ ಆರಿದ್ದು ಗೊತ್ತಾಗಲಿಲ್ಲೇನು?"

ಕಾದಾಗ ಮುಚ್ಚಳ ತೆಗೀಬಾರದು, ಅದು ಮೊದಲನೇ ಪಾಠ.
ಎರಡನೇದು, ರಾತ್ರಿ ಗಾಡಿ ಕೆಳಗ ಹಳೇ ಪೇಪರ ಹಾಸೂದು,
ಮುಂಜಾನೆ ಅದನ್ನ ಓದೂದು.
ಕರೀ ಹನಿ ಇದ್ದರ ಎಂಜಿನ್ನಿಂದು,
ಹಸರೋ ಕೆಂಪೋ ಇದ್ದರ ಕೂಲಂಟು.
ಚಕ್ರದ ಹತ್ತರ ಜಿಗಟ ಬಿದ್ದರ ಬ್ರೇಕಿಂದು,
ಅವತ್ತು ಗಾಡಿ ಅಲುಗಸಬಾರದು.
ಹೋದ ಹುಣ್ಣಿವಿಗೆ, ಬಂಗಾರದ ರೇಟಿನ ಮ್ಯಾಲ ಒಂದು ಕಂದು ಹನಿ.
ಎದಿ ಧಸಕ್ಕಂತು. ಮೂಸಿದೆ.
ಚಾ.
ನಮ್ಮ ಶ್ರೀಶೈಲ ಅಲ್ಲೇ ಕುಂತು ಕುಡದಿದ್ದ.

ಟೈರಿನ ಗೆರಿಯೊಳಗ ರೂಪಾಯಿ ನಾಣ್ಯ ನಿಲ್ಲಸತೀನಿ,
ಅಂಚು ಮುಳುಗಬೇಕು. ಮುಂದಿನ ಎಡಗಡೇದು
ಕಾಲೆಳದು ನಡಿಯೂ ಹುಡುಗನ ಚಪ್ಪಲ್ಲಿನಂಗ
ಒಂದ ಬಾಜೂ ಸವದೈತಿ.
"ಅಲೈನಮೆಂಟು" ಅಂತ ಕ್ಯಾಲೆಂಡರಿನ್ಯಾಗ ಬರದೀನಿ,
ಹಾಲಿನ ಲೆಕ್ಕದ ಬಾಜೂಕ.
ಸ್ಟೆಪ್ನಿ ಗಾಳಿ ನೋಡೂದ ಮರೀತೀನಿ ಯಾವಾಗಲೂ.
ಬ್ಯಾಟರಿ ಮ್ಯಾಲಿನ ಹಸರ ಬೂಷ್ಟಿಗೆ ಸೋಡಾ ಕಲಿಸಿದ ಬಿಸಿನೀರು,
ಉಸ್ಸಂತ ನೊರಿ ಎದ್ದು ಹೊಕ್ಕೈತಿ.
ಭಜಿ ಸೋಡಾ ಎಲ್ಲಿ ಹೋತು ಅಂತ ಅತ್ತಿ ಡಬ್ಬಿ ತಡಕತಾಳ.

ಎಣ್ಣಿ ಕಡ್ಡಿ ಎಳದು, ಒರಸಿ, ಮತ್ತ ತುರುಕಿ, ಮತ್ತ ಎಳೀಬೇಕು.
ಮೊದಲನೇ ಸಲ ಅದು ಖರೇ ಹೇಳೂದಿಲ್ಲ.
ಒರಸಾಕ ಖಣದ ತುಂಡೊಂದು ಹಿಡದಿದ್ದೆ,
ಅಂಚು ತಪ್ಪಿದ್ದು, ಮಾರಾಕ ಬರಲಾರದ್ದು.
ಅತ್ತಿ ಕಸಗೊಂಡ್ಳು.
"ಉಡಿ ತುಂಬೂ ಅರಿವಿಲೆ ಮಸಿ ಒರಸತಿಯೇನ?"
ಮಾವನ ಹರಕ ಧೋತರ ಒಗದ್ಳು. ಎರಡು ದಿನ ಮಾತಿಲ್ಲ.

ಅತ್ತಿ ಗಿರಿಮಲ್ಲವ್ವ ಕುಣಿಮಗ್ಗದಾಗ ಕಾಲ ಇಳಿಬಿಟ್ಟು ಬೆಳದಾಕಿ,
ಆಮ್ಯಾಲ ಪಾವರಲೂಮಿಗೆ ಎರಡೂ ಕಿವಿ ಕೊಟ್ಟಾಕಿ.
ಫೋನು ಕೇಳೂದಿಲ್ಲ, ಕುಕ್ಕರ ಸೀಟಿ ಕೇಳೂದಿಲ್ಲ.

ಈ ಅಮಾಸಿಗೆ ಎಲ್ಲಾ ನೋಡಿ ಮುಗಿಸಿ ಚಾವಿ ತಿರುವಿದೆ.
ಚಾಲೂ ಆತು. ನನ್ನ ಕಿವಿಗೆ ಎಲ್ಲಾ ಬರೋಬರಿ.
ಅತ್ತಿ ರೊಟ್ಟಿ ಹಿಟ್ಟಿನ ಕೈಲೆ ಹೊರಗ ಬಂದ್ಳು.
ಗಾಡಿ ಬಾಗಲಕ್ಕ ಅಂಗೈ ಊರಿದ್ಳು,
ಗಬ್ಬಾದ ಎಮ್ಮಿ ಹೊಟ್ಟಿ ಮ್ಯಾಲ ಇಡತಾರಲ್ಲ, ಹಂಗ.
ಕಣ್ಣ ಮುಚ್ಚಿ ನಿಂತ್ಳು.
"ಯಾವದೋ ಪಟ್ಟಾ ಸಡ್ಲ ಐತಿ. ಏಟು ತಪ್ಪತೈತಿ."

ಬಂದ್ ಮಾಡಿ, ಸೀಟ ಎತ್ತಿ,
ಬೆಲ್ಟಿನ ಮ್ಯಾಲ ಹೆಬ್ಬಟ್ಟ ಒತ್ತಿದೆ.
ಅರ್ಧ ಬಟ್ಟ ತಗ್ಗಬೇಕಾದ್ದು ಎರಡು ಬಟ್ಟ ತಗ್ಗತು.
ಅಂಚು ಸೀಳಿ ಎಳಿ ಹೊರಗ ಬಂದಿದ್ದವು.
ನಾ ಅಲ್ಲಿ ಕೈ ಹಾಕಿರಲೇ ಇಲ್ಲ ಯಾವತ್ತೂ.

ರಾಜೇಸಾಬಗ ಫೋನ ಹಚ್ಚಿದೆ. "ಯಾರ ಹೇಳಿದ್ರು?" ಅಂದ.
ಹೇಳಿದೆ. ಜರಾ ಹೊತ್ತು ಸುಮ್ಮನಿದ್ದ.
"ಗ್ಯಾರೇಜಿಗೆ ಕಳಸತೀರೇನು ಅವರನ್ನ?"

ಅತ್ತಿಗೆ ಅದು ಕೇಳಲಿಲ್ಲ.
ಸೀಟಿನ ಸಂದ್ಯಾಗ ಬಗ್ಗಿ "ಆ ಕಡ್ಡಿ ತಾ ಇಲ್ಲೆ" ಅಂದ್ಳು.
ಎಂಜಿನ್ ಆರಲಿ ತಡಿ, ಅಂದೆ. ಅದೂ ಕೇಳಲಿಲ್ಲ.
ಎಳದ್ಳು. ಬೆಳಕಿಗೆ ಹಿಡದ್ಳು.
ಧೋತರ ಹುಡುಕಿದ್ಳು, ಸಿಗಲಿಲ್ಲ.
ತನ್ನ ಸೆರಗಿಗೇ ಒರಸಿ
ಮತ್ತ ತುರುಕಿದ್ಳು.